ಒಂಬತ್ತು ಡೆಸಿಬೆಲ್ ಹೆಚ್ಚು

ವಡಾಲದ ನಮ್ಮ ಬಿಲ್ಡಿಂಗಿನ ಅನಘಾ ಈ ವರ್ಷ ಡಿಪ್ಲೊಮಾ ಮುಗಿಸಿ ಗೋರೆಗಾಂವ್‌ನ ಒಂದು ಕಂಪನಿಯ ಟೆಸ್ಟಿಂಗ್ ವಿಭಾಗಕ್ಕೆ ಸೇರಿದ್ದಾಳೆ. ಮೊದಲ ವಾರ ಮುಗಿಸಿ ನಮ್ಮ ಮನೆಗೆ ಬಂದವಳು ಸೋಫಾದ ಮೇಲೆ ಧೊಪ್ಪನೆ ಕೂತು, "ಆಂಟಿ, ಈ ಡಿಬಿ, ಡಿಬಿಎಮ್ ಎಲ್ಲ ತಲೆ ತಿಂತಾ ಇದೆ ಯಾರ್. ಫಾರ್ಮುಲಾ ಗೊತ್ತು, ಲೇಕಿನ್ ಮೀಟರ್ ಏನು ಹೇಳ್ತಾ ಇದೆ ಅಂತ ಗೊತ್ತಾಗಲ್ಲ" ಎಂದಳು. ಕಾಫಿ ಕೊಟ್ಟು ಅರ್ಧ ಗಂಟೆ ಹೇಳಿಕೊಟ್ಟೆ. ಅವಳು ಹೋದ ಮೇಲೆ, ಹೇಳಬೇಕಾದದ್ದನ್ನೇ ಬಿಟ್ಟೆ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಕ್ಯಾಬಿನ್ ಸಿಕ್ಕಿತು ಎಂಬುದೆಲ್ಲ ಯಾರಿಗೆ ಬೇಕು? ಎಂಬತ್ತರ ದಶಕದಲ್ಲಿ, ಭಾಂಡುಪಿನ ಒಂದು ಕಾರ್ಖಾನೆಯಲ್ಲಿ, ನಾನು ಬರೆದ ಒಂದು ಹಾಳೆಯಿಂದಾಗಿ ಗಂಗವ್ವ ಎಂಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಹೇಳಬೇಕಾದದ್ದು ಅದು. ಆದರೆ ಮೊದಲು ಡೆಸಿಬೆಲ್, ಅಂದರೆ ಡಿಬಿಯ ವಿಚಾರ ಹೇಳದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದೆಂದು ನಿಮಗೆ ಅಂದಾಜಾಗುವುದಿಲ್ಲ.

ನಾನು ಮೈಸೂರಿನವಳು, ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್‌ಗಳು ಎರಡು ವಿಷಯದಲ್ಲಿ ಬಹಳ ಪರ್ಟಿಕ್ಯುಲರ್: ಉಗುರು ಮತ್ತು ಕೈಬರಹ. ನನ್ನ ಅಕ್ಷರ ಅಚ್ಚಿನ ಹಾಗೆ ಇರುತ್ತಿತ್ತು. ಮದುವೆಯಾಗಿ ಬೊಂಬಾಯಿಗೆ ಬಂದೆ. ಬೆಳಿಗ್ಗೆ ವಡಾಲದಲ್ಲಿ ಹಾರ್ಬರ್ ಲೈನ್ ಹತ್ತಿ, ಕುರ್ಲಾದಲ್ಲಿ ಬ್ರಿಜ್ ಹತ್ತಿಳಿದು, ಇನ್ನೊಂದು ಲೋಕಲ್ ಹಿಡಿದು ಭಾಂಡುಪ್. ಕಾರ್ಖಾನೆಯಲ್ಲಿ ಟೆಲಿಫೋನ್ ಲೈನಿಗೆ ಹಾಕುವ ಆಂಪ್ಲಿಫೈಯರ್‌ಗಳನ್ನು ಮಾಡುತ್ತಿದ್ದರು. ದೂರದ ಕೇಬಲ್ಲಿನಲ್ಲಿ ಮಾತು ಬರಬರುತ್ತ ಸೊರಗುತ್ತದೆ. ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ ಕಸುವು ತುಂಬುವ ಡಬ್ಬಿಗಳು ಇವು. ಟೆಸ್ಟಿಂಗ್ ಶೆಡ್ಡಿನಲ್ಲಿ ಇಂಜಿನಿಯರ್ ಹೆಂಗಸು ಎಂದರೆ ನಾನೊಬ್ಬಳೇ. ಆ ಶೆಡ್ಡಿನಲ್ಲಿ ಹೆಂಗಸರ ಟಾಯ್ಲೆಟ್ಟೇ ಇರಲಿಲ್ಲ. ಅಂಗಳ ದಾಟಿ ಅಸೆಂಬ್ಲಿ ಕಟ್ಟಡಕ್ಕೆ ಹೋಗಬೇಕಿತ್ತು. ಮಳೆಗಾಲದಲ್ಲಿ ಛತ್ರಿ ಹಿಡಿದು ಹೊರಟರೆ ಇಡೀ ಶೆಡ್ಡಿಗೆ ನಾನು ಎಲ್ಲಿಗೆ ಹೊರಟೆನೆಂದು ತಿಳಿಯುತ್ತಿತ್ತು.

ವಿಭಾಗದ ಮುಖ್ಯಸ್ಥರು ದಸ್ತೂರ್ ಸಾಹೇಬರು. ಪಾರಸಿ, ದಪ್ಪ ಕನ್ನಡಕ, ಶರ್ಟಿನ ಜೇಬಿನಲ್ಲಿ ಯಾವಾಗಲೂ ಲೆಕ್ಕ ಮಾಡುವ ಒಂದು ಸ್ಲೈಡ್ ರೂಲ್. ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದು ಡಿಬಿಯ ಬಗ್ಗೆ ಮಾತ್ರ.

"ಪವರ್ ಡಬಲ್ ಆದ್ರೆ ಎಷ್ಟು ಡಿಬಿ?"

"ತ್ರೀ, ಸರ್."

"ವೋಲ್ಟೇಜ್ ಡಬಲ್ ಆದ್ರೆ?"

"ಅದೂ ತ್ರೀ, ಸರ್." ಎಷ್ಟು ಕಾನ್ಫಿಡೆಂಟಾಗಿ ಹೇಳಿದೆ ಎಂದರೆ, ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಅವರು ಬೈಯಲಿಲ್ಲ. ತಮ್ಮ ಬಿಸ್ಕೆಟ್ಟಿನ ತಟ್ಟೆಯನ್ನು ನನ್ನ ಕಡೆ ಸರಿಸಿ, "ಡಿಕ್ರಿ," ಎಂದರು. ಪಾರಸಿಗಳಲ್ಲಿ ಮಗಳಿಗೆ ಹಾಗೆ ಕರೆಯುತ್ತಾರೆ. "ವೋಲ್ಟೇಜ್ ಡಬಲ್ ಮಾಡಿದ್ರೆ ಅದರ ಹಿಂದೆ ಕರೆಂಟೂ ಡಬಲ್ ಆಗಿ ಬರುತ್ತೆ. ಡಬಲ್ಲಿನ ಡಬಲ್ ಎಷ್ಟು?"

"ನಾಲ್ಕು ಪಟ್ಟು."

"ಎರಡು ಪಟ್ಟಿಗೆ ಮೂರಾದ್ರೆ, ನಾಲ್ಕು ಪಟ್ಟಿಗೆ?"

"ಮೂರು, ಮತ್ತೆ ಮೂರು... ಆರು."

"ಸೋಮವಾರದಿಂದ ಬಾ. ಬಿಸ್ಕೆಟ್ ತಿನ್ನು."

ಅವರ ಪಾಠವೆಲ್ಲ ಹೀಗೇ. ಲಾಗ್ ಟೇಬಲ್ ಮುಟ್ಟಲು ಬಿಡುತ್ತಿರಲಿಲ್ಲ. ಎರಡು ಪಟ್ಟಿಗೆ ಮೂರು, ಹತ್ತು ಪಟ್ಟಿಗೆ ಹತ್ತು, ಇವೆರಡು ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ಕೂಡುವುದು ಕಳೆಯುವುದು. ಏಳು ಡಿಬಿ ಎಂದರೆ ಎಷ್ಟು ಪಟ್ಟು? ಹತ್ತರಿಂದ ಮೂರು ಕಳೆದರೆ ಏಳು; ಹಾಗಾದರೆ ಹತ್ತು ಪಟ್ಟಿನಲ್ಲಿ ಅರ್ಧ, ಐದು ಪಟ್ಟು. ಸಾವಿರ ಪಟ್ಟು ಕುಗ್ಗಿಸುವ ಕೇಬಲ್ಲೇ? ಮೈನಸ್ ಮೂವತ್ತು. ಅದನ್ನು ಸರಿಮಾಡಲು ಪ್ಲಸ್ ಮೂವತ್ತರ ಆಂಪ್ಲಿಫೈಯರ್ ಹಾಕಿ. ಗುಣಾಕಾರ ಭಾಗಾಕಾರದ ಜಾಗದಲ್ಲಿ ಮನೆಯ ಹೆಂಗಸರು ಲೀಲಾಜಾಲವಾಗಿ ಮಾಡುವ ಕೂಡು-ಕಳೆ. ಕಿವಿಯ ಲೆಕ್ಕವೂ ಹೀಗೆಯೇ ಎನ್ನುತ್ತಿದ್ದರು. ಲೇಡೀಸ್ ಡಬ್ಬಿಯಲ್ಲಿ ಹತ್ತು ಜನ ಮಾತಾಡುತ್ತಿದ್ದಾಗ ಇನ್ನೂ ಹತ್ತು ಜನ ಹತ್ತಿದರೆ ಗದ್ದಲ ಇಮ್ಮಡಿಯಾಯಿತೆಂದು ಯಾರಿಗೂ ಅನ್ನಿಸುವುದಿಲ್ಲ, ಸ್ವಲ್ಪ ಜೋರಾಯಿತು ಅನ್ನಿಸುತ್ತದೆ, ಅಷ್ಟೇ. ಆ "ಸ್ವಲ್ಪ"ವೇ ಮೂರು ಡಿಬಿ.

ಇಲ್ಲಿ ಒಂದು ಹಳ್ಳವಿದೆ, ನಾನು ಬಿದ್ದಿದ್ದೇನೆ. ಡಿಬಿ ಎಂದರೆ ಬರಿಯ ಹೋಲಿಕೆ: ಇದು ಅದರ ಎಷ್ಟು ಪಟ್ಟು ಎಂದು. ಡಿಬಿಎಮ್ ಎಂದರೆ ಒಂದು ಮಿಲಿವಾಟ್‌ಗೆ ಹೋಲಿಸಿದ್ದು, ಆದ್ದರಿಂದ ಅದು ನಿಜವಾದ ಒಂದು ಅಳತೆ. ಸೇರಿದ ಹೊಸತರಲ್ಲಿ ಗಿರಾಕಿಯ ಕಡೆಯ ಇನ್‌ಸ್ಪೆಕ್ಟರ್ ಒಬ್ಬರ ಮುಂದೆ, "ಹತ್ತು ಡಿಬಿಎಮ್‌ಗೆ ಹತ್ತು ಡಿಬಿಎಮ್ ಸೇರಿದರೆ ಇಪ್ಪತ್ತು ಡಿಬಿಎಮ್" ಎಂದುಬಿಟ್ಟೆ. ಆತ ನಗುವುದನ್ನು ನಿಲ್ಲಿಸಲು ಎರಡು ನಿಮಿಷ ಬೇಕಾಯಿತು. ಹತ್ತು ಡಿಬಿಎಮ್ ಎಂದರೆ ಹತ್ತು ಮಿಲಿವಾಟ್. ಎರಡು ಸೇರಿದರೆ ಇಪ್ಪತ್ತು ಮಿಲಿವಾಟ್, ಅಂದರೆ ಹದಿಮೂರು ಡಿಬಿಎಮ್. ನಾನು ಹೇಳಿದ್ದು ನೂರು ಮಿಲಿವಾಟ್. ಇಪ್ಪತ್ತನ್ನು ನೂರು ಮಾಡಿ ಕೂತಿದ್ದೆ. ನೀವು ಇದನ್ನು ಒಂದು ಸಲವಾದರೂ ಮಾಡುತ್ತೀರಿ. ಮಾಡಿದಾಗ ನಗುವವರ ಜೊತೆ ನಕ್ಕುಬಿಡಿ.

ತೊಂಬತ್ತರ ನಂತರ ಡಿಜಿಟಲ್ ಮೀಟರ್‌ಗಳು ಬಂದವು. ಕರೆಂಟಿಗೆ ಇಷ್ಟು ಓಮ್ ಅಡ್ಡಿಯ ಮೇಲೆ ಅಳೆಯುತ್ತಿದ್ದೇವೆ ಎಂದು ಬಟನ್ ಒತ್ತಿದರೆ ಮೀಟರೇ ಲೆಕ್ಕ ಮಾಡಿ ತೋರಿಸುತ್ತದೆ. ನಮ್ಮ ಕಾಲದ ಮೀಟರ್ ಸೂಜಿಯದು. ಅದಕ್ಕೆ ವೋಲ್ಟೇಜ್ ಬಿಟ್ಟರೆ ಬೇರೇನೂ ತಿಳಿಯದು. ಟೆಲಿಫೋನ್ ಲೈನ್ ಎಂದರೆ ಆರು ನೂರು ಓಮ್ ಎಂದು ನಂಬಿ, ಅದರ ಮೇಲೆ ಒಂದು ಮಿಲಿವಾಟ್ ಆಗುವಷ್ಟು ವೋಲ್ಟೇಜ್ ಕಂಡಾಗ ಸೊನ್ನೆ ಡಿಬಿಎಮ್ ಎಂದು ತೋರಿಸುತ್ತಿತ್ತು. ನೀವು ನಿಜವಾಗಿ ಎಷ್ಟು ಓಮ್ ಹಾಕಿದ್ದೀರಿ ಎಂದು ಅದು ಕೇಳುವುದಿಲ್ಲ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಗಂಗವ್ವ ವಿಜಾಪುರದ ಕಡೆಯವರು. ಭಾಂಡುಪ್ ಸ್ಟೇಷನ್ನಿನ ಆಚೆ ಗುಡ್ಡದ ಮೈಮೇಲಿನ ಸಾಲುಮನೆಗಳ ಚಾಳಿನಲ್ಲಿ ಮನೆ. ಗಂಡ ದುಡಿಯುತ್ತಿದ್ದ ಮಿಲ್ಲು ಮುಚ್ಚಿತ್ತು, ಮನೆ ನಡೆಯುತ್ತಿದ್ದುದು ಇವರ ದುಡಿಮೆಯಿಂದ. ಟೆಸ್ಟ್ ಆಪರೇಟರ್ ಎಂದು ಟೆಂಪರರಿ ಮೇಲೆ ಸೇರಿದ್ದರು, ಈ ಘಟನೆ ನಡೆದ ತಿಂಗಳ ಕೊನೆಗೆ ಪರ್ಮನೆಂಟ್ ಆಗಬೇಕಿತ್ತು. ಕೆಲಸವೇನೆಂದರೆ, ಒಂದೊಂದೇ ಆಂಪ್ಲಿಫೈಯರನ್ನು ಬೆಂಚಿಗೆ ಕಟ್ಟಿ, ಅದರೊಳಗಿನ ಸಣ್ಣ ಸ್ಕ್ರೂ ತಿರುಗಿಸಿ, ಮೀಟರಿನ ಸೂಜಿ ಶೀಟಿನಲ್ಲಿ ಬರೆದ ಅಂಕಿಗೆ ಬಂದಾಗ ನಿಲ್ಲಿಸಿ, ಸ್ಕ್ರೂ ಮೇಲೆ ಒಂದು ತೊಟ್ಟು ಕೆಂಪು ಬಣ್ಣ ಇಟ್ಟು, ಕಾರ್ಡಿನ ಮೇಲೆ ಸಹಿ ಮಾಡುವುದು. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಶೀಟು ಬರೆಯುವುದು ನಾನು. ಸಹಿ ದಸ್ತೂರರದು.

ಇಡೀ ಶೆಡ್ಡಿನಲ್ಲಿ ಕನ್ನಡ ನಾವಿಬ್ಬರದೇ. ಆದರೂ ಮೊದಮೊದಲು ನಮಗೆ ಒಬ್ಬರ ಕನ್ನಡ ಒಬ್ಬರಿಗೆ ನಗು. "ನೀವು ಮಾತಾಡಿದ್ರ ರೇಡಿಯೋ ಹಚ್ಚಿಧಂಗ ಆಕ್ಕೈತಿ ನೋಡ್ರಿ ಬಾಯಾರ" ಎನ್ನುತ್ತಿದ್ದರು. ಊಟದ ಹೊತ್ತಿನಲ್ಲಿ ಅವರ ಡಬ್ಬಿಯ ರೊಟ್ಟಿ ನನಗೆ, ನನ್ನ ಚಿತ್ರಾನ್ನ ಅವರಿಗೆ. ದಸ್ತೂರರ ಮೂರು-ಹತ್ತರ ಲೆಕ್ಕವನ್ನು ನಾನು ಒಂದು ಸಲ ಹೇಳಿದ್ದಷ್ಟೇ, ಬೆರಳ ಗೆಣ್ಣಿನ ಮೇಲೆ ಎಣಿಸಿ ನನಗಿಂತ ಬೇಗ ಹೇಳುತ್ತಿದ್ದರು.

ಆಗ ಒಂದು ಹೊಸ ಆರ್ಡರ್ ಬಂತು. ಬೇರೆ ತರಹದ ಕೇಬಲ್, ಎಪ್ಪತ್ತೈದು ಓಮಿನದು. ಅದಕ್ಕೆಂದು ಎಪ್ಪತ್ತೈದು ಓಮಿನ ಹೊಸ ಸಿಗ್ನಲ್ ಜನರೇಟರ್ ತರಿಸಿದರು. ಮೀಟರ್ ಮಾತ್ರ ಹಳೆಯದೇ ಇರಲಿ ಎಂದರು. ಹೊಸ ಶೀಟು ಅರ್ಜೆಂಟಾಗಿ ಬೇಕೆಂದು ಪ್ರೊಡಕ್ಷನ್ ಮ್ಯಾನೇಜರ್ ಸಾನೆ ಸಾಹೇಬರು ನನ್ನ ಟೇಬಲ್ಲಿನ ಹತ್ತಿರವೇ ಎರಡು ಸಲ ಬಂದು ನಿಂತರು. ನಾನು ಹಳೆಯ ಶೀಟು ಮುಂದಿಟ್ಟುಕೊಂಡು, ಅಂಕಿಯ ಕೆಳಗೆ ಅಂಕಿ ಬರುವ ಹಾಗೆ ಫೇರ್ ಕಾಪಿ ಮಾಡಿದೆ. ಲೈನಿನ ಬದಲಿಗೆ ಡಬ್ಬಿಯ ಕೊನೆಯಲ್ಲಿ ಕಟ್ಟುವ ಪ್ಲಗ್ ಆರು ನೂರು ಓಮ್ ಎಂದಿದ್ದ ಕಡೆ ಎಪ್ಪತ್ತೈದು ಓಮ್ ಎಂದು ಬರೆದೆ. ಉಳಿದದ್ದೆಲ್ಲ ಇದ್ದ ಹಾಗೆಯೇ. "ಮೀಟರ್ ಸೊನ್ನೆಗೆ ಬರುವ ತನಕ ಸ್ಕ್ರೂ ತಿರುಗಿಸಿ." ದಸ್ತೂರರು ಆ ಚಂದದ ಅಕ್ಷರವನ್ನು ಒಂದು ಸಲ ನೋಡಿ ಸಹಿ ಹಾಕಿದರು.

ಎರಡನೆಯ ದಿನ ಗಂಗವ್ವ ನನ್ನನ್ನು ಕರೆದರು. "ಬಾಯಾರ, ಇಲ್ಲಿ ಬರ್ರಿ. ಈ ಸ್ಕ್ರೂ ಕೊನೀತನಾ ಹೊಂಟೈತಿ. ಹಳೇ ಪೀಸ್‌ನ್ಯಾಗ ನಟ್ಟನಡಕ ನಿಂದರ್ತಿತ್ತು."

"ಹೊಸ ಡಿಸೈನ್ ಅಲ್ವಾ ಗಂಗವ್ವ, ಹಾಗೇ ಇರುತ್ತೆ."

"ಒಂದ ಪೀಸ್ ಅಲ್ರಿ, ಎಲ್ಲಾ ಹಂಗ ಆಗಾಕತ್ತಾವ."

"ಶೀಟ್‌ನಲ್ಲಿ ಇರೋ ಹಾಗೆ ಮಾಡಿ, ಅಷ್ಟೇ" ಎಂದು ನನ್ನ ಟೇಬಲ್ಲಿಗೆ ವಾಪಸಾದೆ. ಆ ದನಿ ನನಗೆ ಚೆನ್ನಾಗಿ ಗೊತ್ತು. ಪ್ರಶ್ನೆ ಕೇಳಿದ ಮಕ್ಕಳಿಗೆ ನಮ್ಮ ಸಿಸ್ಟರ್‌ಗಳು ಉತ್ತರ ಕೊಡುತ್ತಿದ್ದ ದನಿ.

ನಲವತ್ತು ಪೀಸ್ ಹೋದವು. ಮೂರು ವಾರಕ್ಕೆ ನಲವತ್ತೂ ವಾಪಸು ಬಂದವು. ಗಿರಾಕಿ ಬರೆದ ಕಾಗದದಲ್ಲಿ ಎರಡೇ ಸಾಲು: ಗೇನ್ (ಡಬ್ಬಿ ತುಂಬುವ ಕಸುವು) ಒಂಬತ್ತು ಡಿಬಿ ಹೆಚ್ಚಿದೆ, ಒಂದು ಲೈನಿನ ಮಾತು ಇನ್ನೊಂದರಲ್ಲಿ ಕೇಳಿಸುತ್ತಿದೆ. ಸಾನೆ ಸಾಹೇಬರು ಎರಡು ಡಬ್ಬಿ ಬಿಚ್ಚಿ ನೋಡಿದರು. ಎರಡರಲ್ಲೂ ಸ್ಕ್ರೂ ಕೊನೆಯಲ್ಲಿ. ಕಾರ್ಡು ತಿರುಗಿಸಿದರು, ಸಹಿ ಗಂಗವ್ವನದು. ಅವರಿಗೆ ಅಷ್ಟು ಸಾಕಾಯಿತು.

"ಕಣ್ಣು ಮುಚ್ಕೊಂಡು ತಿರುಗಿಸಿದೀಯ ಬಾಯಿ! ನಾಳೆಯಿಂದ ಬರಬೇಡ, ಕಾಗದ ಮನೆಗೆ ಬರುತ್ತೆ" ಎಂದು ಎಲ್ಲರ ಮುಂದೆ ಹಿಂದಿಯಲ್ಲಿ ಕೂಗಿದರು. ಕೆಲಸದ ಹೆಂಗಸರನ್ನೆಲ್ಲ ಅವರು ಕರೆಯುತ್ತಿದ್ದುದು ಬಾಯಿ ಎಂದೇ.

"ಕಾಗದದಾಗ ಇದ್ದಂಗ ಮಾಡೇನ್ರಿ ಸಾಹೇಬ್ರ" ಎಂದು ಗಂಗವ್ವ ಕನ್ನಡದಲ್ಲೇ ಹೇಳಿ ನನ್ನ ಕಡೆ ನೋಡಿದರು. ಅದನ್ನು ಸಾಹೇಬರಿಗೆ ಹಿಂದಿಯಲ್ಲಿ ಹೇಳಬಹುದಾಗಿದ್ದವಳು ಆ ಶೆಡ್ಡಿನಲ್ಲಿ ನಾನೊಬ್ಬಳೇ. ನಾನು ಹೇಳಲಿಲ್ಲ. ಮೊದಲು ಚೆಕ್ ಮಾಡೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಗಂಗವ್ವ ಏಪ್ರನ್ ಬಿಚ್ಚಿ ಮಡಿಸಿ ಸ್ಟೂಲಿನ ಮೇಲಿಟ್ಟು ಹೋದರು.

ಅಂದು ಸಂಜೆ ಶಿಫ್ಟ್ ಮುಗಿಯುವ ಮೊದಲು ವಾಪಸು ಬಂದ ಒಂದು ಪೀಸನ್ನು ಬೆಂಚಿಗೆ ಕಟ್ಟಿದೆ. ಸೂಜಿ ಸರಿಯಾಗಿ ಸೊನ್ನೆಯ ಮೇಲೆ ನಿಂತಿತು. ಇನ್ನೊಂದು ಕಟ್ಟಿದೆ, ಸೊನ್ನೆ. ಐದನೆಯದೂ ಸೊನ್ನೆ. ಗಂಗವ್ವ ಶೀಟಿನ ಪ್ರಕಾರ ಕೂದಲೆಳೆಯಷ್ಟೂ ಆಚೀಚೆ ಮಾಡಿರಲಿಲ್ಲ. ಹಾಗಾದರೆ ಗಿರಾಕಿಯ ಅಳತೆಯೇ ತಪ್ಪೇ? ಮನೆಗೆ ಹೋದ ಮೇಲೂ ಅದೇ ಯೋಚನೆ.

ಮರುದಿನ ಬೆಳಿಗ್ಗೆ ಕುರ್ಲಾದಿಂದ ಭಾಂಡುಪಿಗೆ ಹೋಗುವ ಲೋಕಲ್ಲಿನಲ್ಲಿ, ಕೂರಲು ಜಾಗವಿಲ್ಲದೆ ಮೇಲಿನ ಹಿಡಿ ಹಿಡಿದು ನೇತಾಡುತ್ತಿದ್ದೆ. ನಲವತ್ತರಲ್ಲೂ ಒಂಬತ್ತೇ ಏಕೆ? ಕೈ ತಪ್ಪಿದ್ದರೆ ಒಂದರಲ್ಲಿ ಏಳಿರಬೇಕು, ಒಂದರಲ್ಲಿ ಹನ್ನೊಂದಿರಬೇಕು. ಎಲ್ಲದರಲ್ಲೂ ಒಂದೇ ಸಮ ಒಂಬತ್ತು ಎಂದರೆ ತಪ್ಪು ಎಲ್ಲದಕ್ಕೂ ಒಂದೇ ಆಗಿರುವ ಯಾವುದೋ ಒಂದರಲ್ಲಿದೆ. ಒಂಬತ್ತು, ಅಂದರೆ ಮೂರು, ಮೂರು, ಮೂರು. ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು. ಎಂಟು ಎಲ್ಲಿಂದ ಬಂತು? ಆರು ನೂರನ್ನು ಎಪ್ಪತ್ತೈದರಿಂದ ಭಾಗಿಸಿ ನೋಡಿ.

ಮೀಟರ್ ಆರು ನೂರು ಓಮ್ ಇದೆಯೆಂದು ನಂಬಿ ಸೊನ್ನೆ ತೋರಿಸುತ್ತಿತ್ತು. ನಾನು ಅದರ ಎಂಟನೇ ಒಂದು ಭಾಗದ ಓಮ್ ಹಾಕಿಸಿದ್ದೆ. ಅದೇ ವೋಲ್ಟೇಜ್, ಎಂಟರಲ್ಲಿ ಒಂದು ಪಾಲು ಅಡ್ಡಿ, ಆದ್ದರಿಂದ ಎಂಟು ಪಟ್ಟು ಪವರ್. ಶೀಟಿನಲ್ಲಿ "ಮೀಟರ್ ಮೈನಸ್ ಒಂಬತ್ತಕ್ಕೆ ಬರುವ ತನಕ" ಎಂದಿರಬೇಕಿತ್ತು. ಗಂಗವ್ವ ನೋಡಿ ಹೇಳಿದ ಕೊನೆಗೆ ಹೋದ ಸ್ಕ್ರೂ ಆ ಒಂಬತ್ತು ಡಿಬಿಯೇ. ಎರಡನೆಯ ದಿನವೇ ಆಕೆಗೆ ಸಿಕ್ಕಿದ್ದ ತಪ್ಪನ್ನು ನಾನು ಹೊಸ ಡಿಸೈನ್ ಎಂದು ತಳ್ಳಿಹಾಕಿದ್ದೆ.

ಫ್ರಾಂಕ್ಲಿ ಹೇಳುತ್ತೇನೆ. ವಿಕ್ರೋಳಿಯಿಂದ ಭಾಂಡುಪ್ ಬರುವಷ್ಟರಲ್ಲಿ ಸುಮ್ಮನಿದ್ದುಬಿಡುವ ಯೋಚನೆಯೂ ಬಂತು. ಶೆಡ್ಡಿಗೆ ಒಬ್ಬಳೇ ಹೆಂಗಸು ಇಂಜಿನಿಯರ್, ಅವಳೂ ಹೀಗೆ ಮಾಡಿದಳಂತೆ ಎಂದರೆ ಇನ್ನೊಬ್ಬಳನ್ನು ತೆಗೆದುಕೊಳ್ಳುವರೇ? ಬಹಳ ದೊಡ್ಡ ಮಾತಿನ ಹಿಂದೆ ಅಡಗಿಕೊಂಡು ನನ್ನನ್ನೇ ಉಳಿಸಿಕೊಳ್ಳಲು ನೋಡುತ್ತಿದ್ದೆ. ಇಳಿದು ಗೇಟು ದಾಟುವಾಗ ತೀರ್ಮಾನವಾಗಿತ್ತು. ಮಧ್ಯಾಹ್ನದೊಳಗೆ ಹೇಳಿ ಮುಗಿಸಬೇಕು, ಹೇಳಿದ್ದು ಬರಹದಲ್ಲಿರಬೇಕು.

ದಸ್ತೂರರಿಗೆ ಬೆಂಚಿನ ಮೇಲೆ ಮಾಡಿ ತೋರಿಸಿದೆ. ಡಿಬಿ ಮಾತೇ ಬೇಡವೆಂದು ಬರಿಯ ವೋಲ್ಟ್ ಓದಿದೆ. ಸ್ಕ್ವೇರ್ ಮಾಡಿ ಎಪ್ಪತ್ತೈದರಿಂದ ಭಾಗಿಸಿದರೆ, ಒಂದಿರಬೇಕಾದಲ್ಲಿ ಎಂಟು ಮಿಲಿವಾಟ್. ಅವರು ಸ್ಲೈಡ್ ರೂಲನ್ನು ಸರಿಸಿ ನೋಡಿದರು, ಮತ್ತೆ ಶೀಟಿನ ಕೆಳಗಿನ ತಮ್ಮ ಸಹಿ ನೋಡಿದರು.

"ನೀನು ಯೋಚನೆ ಮಾಡದೆ ಬರೆದೆ, ನಾನು ಓದದೆ ಸಹಿ ಹಾಕಿದೆ. ಇಬ್ಬರಲ್ಲಿ ದೊಡ್ಡ ಕತ್ತೆ ಯಾರು ಡಿಕ್ರಿ?"

"ನಾನು ಸರ್. ಗಂಗವ್ವ ನನಗೆ ಹೇಳಿದ್ದರು."

ಅವರು ನಗಲಿಲ್ಲ. "ಹಾಗಾದರೆ ನೀನೇ" ಎಂದು ಎದ್ದು ನನ್ನ ಜೊತೆ ಸಾನೆಯವರ ಕ್ಯಾಬಿನ್ನಿಗೆ ಬಂದರು.

ಸಾನೆ ಸಾಹೇಬರು ಕೆಟ್ಟವರೇನಲ್ಲ, ಆದರೆ ಗಡಿಬಿಡಿಯ ಮನುಷ್ಯ. ಎಲ್ಲ ಕೇಳಿ, ಬಾಗಿಲು ಹಾಕಿಸಿ, "ಮ್ಯಾಡಮ್, ಸುಮ್ಮನೆ ಯಾಕೆ ಮೈಮೇಲೆ ಎಳ್ಕೊತೀರಿ? ಮೀಟರ್ ಖರಾಬ್ ಆಗಿತ್ತು ಅಂತ ಬರೆಯೋಣ. ಮೀಟರಿಗೆ ಮಾನ ಇಲ್ಲ, ಯೂನಿಯನ್ನೂ ಇಲ್ಲ" ಎಂದರು.

"ಮೀಟರ್ ಸರಿಯಾಗಿದೆ ಸರ್. ಖರಾಬ್ ಅಂತ ಬರೆದರೆ ಹೊಸ ಮೀಟರ್ ತರಿಸ್ತೀರಿ. ಶೀಟ್ ಅದೇ ಇರುತ್ತೆ. ಮತ್ತೆ ಒಂಬತ್ತು ಬರುತ್ತೆ."

"ಆ ಬಾಯಿ ಟೆಂಪರರಿ. ಅವಳಿಗೆ ಬೇರೆ ಕಡೆ ಕೆಲಸ ಸಿಗುತ್ತೆ. ನಿಮ್ಮ ಫೈಲಿನಲ್ಲಿ ಇದು ಯಾವಾಗಲೂ ಇರುತ್ತೆ, ಗೊತ್ತಾ?"

"ಇರಲಿ ಸರ್."

ಆ "ಇರಲಿ" ಹೇಳುವಾಗ ದನಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಆದರೆ ರಿಪೋರ್ಟ್ ಆಗಲೇ ಬರೆದು ತಂದಿದ್ದೆ. ಕಾರಣ ಎಂಬಲ್ಲಿ: ಟೆಸ್ಟ್ ಶೀಟು ತಪ್ಪು, ಬರೆದವಳು ನಾನು, ಆಪರೇಟರ್ ಎರಡನೆಯ ದಿನವೇ ಎಚ್ಚರಿಸಿದ್ದರು, ನಾನು ಕೇಳಲಿಲ್ಲ. ದಸ್ತೂರರು ಪೆನ್ನು ತೆಗೆದು ನನ್ನ ಸಹಿಯ ಪಕ್ಕ ತಮ್ಮದನ್ನೂ ಹಾಕಿದರು. ಈ ಸಲ ಪೂರ್ತಿ ಓದಿಯೇ ಹಾಕಿದರು. ಸಾನೆಯವರು ಹಣೆ ಉಜ್ಜಿಕೊಂಡು, "ಕರೆಸಿ ಆ ಬಾಯಿಯನ್ನ" ಎಂದರು.

ಕರೆಸುವುದೇಕೆ, ನಾನೇ ಹೋದೆ. ಊಟದ ಬಿಡುವಿನಲ್ಲಿ ಗುಡ್ಡ ಹತ್ತಿ, ನೀರಿನ ಡ್ರಮ್ಮುಗಳ ನಡುವೆ ದಾರಿ ಕೇಳುತ್ತ ಚಾಳಿನ ಅವರ ಖೋಲಿ ಹುಡುಕಿದೆ. ಗಂಗವ್ವ ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಕರೆಯಲಿಲ್ಲ. ನಿಂತೇ ಎಲ್ಲ ಹೇಳಿದೆ: ಎಂಟು ಪಟ್ಟು, ಮೈನಸ್ ಒಂಬತ್ತು, ರಿಪೋರ್ಟ್, ನಾಳೆಯಿಂದ ಬರಬೇಕು, ಪರ್ಮನೆಂಟಿನ ಕಾಗದ ನಿಲ್ಲುವುದಿಲ್ಲ ಎಂದು ದಸ್ತೂರರು ಮಾತು ಕೊಟ್ಟಿದ್ದಾರೆ.

ಖುಷಿಯಾಗುತ್ತಾರೆ ಅಂದುಕೊಂಡಿದ್ದೆ. ಅವರು ಸೊಪ್ಪಿನ ದಂಟು ಮುರಿದು ಬದಿಗೆ ಎಸೆದರು.

"ನಾ ಹೇಳಿದ್ನ್ಯೊ ಇಲ್ಲೊ?"

"ಹೇಳಿದ್ರಿ."

"ಸ್ಕ್ರೂ ಕೊನೀಗೆ ಹೊಂಟೈತಿ ಅಂತ ಹೇಳಿದ್ನ್ಯೊ ಇಲ್ಲೊ?"

"ಹೇಳಿದ್ರಿ ಗಂಗವ್ವ. ನಾನು ಕೇಳಲಿಲ್ಲ."

"ಅದ ಹೋಗ್ಲಿ. ಅಂವ ಎಲ್ಲಾರ ಮುಂದ ಬೈಯೋ ಮುಂದ ನೀವು ಅಲ್ಲೇ ನಿಂತಿದ್ರಿ. ಬಾಯಾಗ ಏನ್ ಇಟಗೊಂಡಿದ್ರಿ?"

"ತಪ್ಪಾಯ್ತು" ಎಂದೆ.

ಒಳಗಿನಿಂದ ಗಂಡ, "ಹೋಗ್ಲಿ ಬಿಡು, ಸಾಕ ಮಾಡು" ಎಂದರು. "ನೀವು ಸುಮ್ಕ ಕುಂದರ್ರಿ" ಎಂದು ಅವರನ್ನು ಸುಮ್ಮನಾಗಿಸಿ, ನನಗೆ ಹೇಳಿದರು: "ಬರ್ತೀನಿ. ಆದ್ರ ಒಂದ ಮಾತು. ಹೊಸಾ ಶೀಟ್ ಬರದ್ರ ಮೊದಲ ನನ್ನ ಕೈಯಾಗ ಕೊಡ್ರಿ. ನಾ ಒಂದ ಪೀಸ್ ಮಾಡಿ ನೋಡ್ತೀನಿ. ಸಾಹೇಬ್ರ ಸಹಿ ಆಮ್ಯಾಲ."

ಆಪರೇಟರ್ ಮಾಡಿ ನೋಡಿದ ಮೇಲೆ ಮುಖ್ಯಸ್ಥರ ಸಹಿ! ಯಾವ ಕಾರ್ಖಾನೆಯಲ್ಲೂ ಕೇಳದ ಪದ್ಧತಿ. ದಸ್ತೂರರನ್ನು ಕೇಳದೆಯೇ ಒಪ್ಪಿಕೊಂಡೆ. ಅವರೂ ಬೇಡವೆನ್ನಲಿಲ್ಲ. ನಾನು ಆ ಶೆಡ್ಡಿನಲ್ಲಿ ಇರುವ ತನಕ ಅದೇ ನಡೆಯಿತು. ಎಷ್ಟು ಶೀಟುಗಳನ್ನು ಗಂಗವ್ವ ನನಗೆ ವಾಪಸು ಕೊಟ್ಟರೆಂದು ಹೇಳಲು ಈಗಲೂ ನಾಚಿಕೆ.

ಮರುದಿನ ಬೆಳಿಗ್ಗೆ ನಲವತ್ತು ಪೀಸ್ ಬೆಂಚಿನ ಪಕ್ಕ ಸಾಲಾಗಿ ಇದ್ದವು. ನಾನು ತಿದ್ದಿದ ಶೀಟು ಕೊಟ್ಟೆ. ಗಂಗವ್ವ ಸಾಲಿನ ಕೆಳಗೆ ಬೆರಳಿಟ್ಟು ಓದಿ, ಮೊದಲ ಪೀಸಿನ ಕೆಂಪು ಬಣ್ಣ ಕೆರೆದು, ಸ್ಕ್ರೂ ಹಿಂದಕ್ಕೆ ತಿರುಗಿಸಿದರು. ಸೂಜಿ ಮೈನಸ್ ಒಂಬತ್ತಕ್ಕೆ ಇಳಿಯಿತು. ಸ್ಕ್ರೂ ನಡುವೆ ಬಂದು ನಿಂತಿತ್ತು. ಸಹಿಗೆಂದು ನಾನು ಕಾರ್ಡು ಸರಿಸಿದೆ.

ಅವರು ಪೆನ್ನು ಮುಟ್ಟಲಿಲ್ಲ. "ನಿನ್ನೆ ದಸ್ತೂರ್ ಸಾಹೇಬ್ರಿಗೆ ವೋಲ್ಟಿನ್ಯಾಗ ತೋರಿಸಿದ್ರಂತಲ್ಲ. ಹಂಗೂ ಒಮ್ಮೆ ಅಳೀರಿ. ಎರಡೂ ಹೊಂದಿದ್ರ ಸಹಿ ಮಾಡ್ತೀನಿ."

ಅಳೆದೆ. ಸ್ಕ್ವೇರ್ ಮಾಡಿದೆ, ಭಾಗಿಸಿದೆ. ಒಂದು ಮಿಲಿವಾಟ್. ಎರಡೂ ಹೊಂದಿದವು. ಗಂಗವ್ವ ಸಹಿ ಮಾಡಿ ಎರಡನೆಯ ಪೀಸ್ ಎತ್ತಿಕೊಂಡು, ಮತ್ತೆ ನನ್ನ ಕಡೆ ನೋಡಿದರು.

"ಎಲ್ಲಾ ನಲವತ್ತನ್ನೂ ಹಾಗೇ ಅಳೀಬೇಕಾ ಗಂಗವ್ವ?"

"ನಲವತ್ತಕ್ಕೂ ನನ್ನ ಸಹಿ ಐತೆಲ್ರಿ ಬಾಯಾರ."

ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕೂತೆ. ನಲವತ್ತನ್ನೂ ಅಳೆದೆವು.